ಎಣಿಸು, ಆದರೆ

ಅಂಚೆ ಕಚೇರಿಯ ಹೀಟರು ಟಕ್ಕೆಂದು ಹೊತ್ತಿಕೊಳ್ಳುತ್ತದೆ, ಆರುತ್ತದೆ.
ಡೋರ್ಕಸ್ ಸ್ಟಕ್‌ಲೆಸ್ ಕೈಗವಸಿನ ಬೆರಳತುದಿ ಕತ್ತರಿಸಿಕೊಂಡಿದ್ದಾಳೆ
ಕೀಲಿ ಒತ್ತಲೆಂದು.
ಕಿಟಕಿಯಾಚೆ ಟಿಕಲ್. ನ್ಯೂಫೌಂಡ್‌ಲ್ಯಾಂಡಿನವರು ಹಾಗನ್ನುತ್ತಾರೆ
ಎರಡು ಬಂಡೆಗಳ ನಡುವೆ ಕಡಲು ಮೈ ಓರೆಮಾಡಿ ನುಸುಳುವ ಸಂದಿಗೆ.
ಅದರೊಳಗೆ ಏಪ್ರಿಲ್ಲಿನ ಮಂಜುಗಡ್ಡೆ
ಒಂದನ್ನೊಂದು ಉಜ್ಜುವ ಸದ್ದು.

ಸರಕಾರ ಕೇಳಿದ್ದು ಒಂದೇ ಸಾಲು:
ಊರು ಬಿಡಲು ಒಪ್ಪಿಗೆಯೇ? ಹೌದು / ಇಲ್ಲ.
ಇರುವವರು ಮೂವತ್ತೆರಡು ಜನ. ಇಪ್ಪತ್ತನಾಲ್ಕು ಹೌದು ಬಿದ್ದರೆ
ಮನೆಮನೆಗೂ ದುಡ್ಡು; ಆಮೇಲೆ ಹಡಗು ಬರುವುದಿಲ್ಲ,
ಜನರೇಟರು ಗುರುಗುಟ್ಟುವುದಿಲ್ಲ.
ಇಪ್ಪತ್ತಮೂರಾದರೆ
ಎಲ್ಲ ಇದ್ದ ಹಾಗೇ.

ಚೀಟಿಯಲ್ಲಿ ಹೆಸರು ಬೇಡ ಅಂದಿದ್ದರು. ಯಾರೂ ಬರೆದಿಲ್ಲ.
ಇಪ್ಪತ್ತಾರು ವರ್ಷ ಇವರ ಲಕೋಟೆಗಳ ಮೇಲೆ ಮೊಹರು ಒತ್ತಿದವಳಿಗೆ
ಯಾರ ಅಕ್ಷರದ ಬಾಲ ಯಾವ ಕಡೆ ತಿರುಗುತ್ತದೆಂದು
ಹೇಳಿಕೊಡಬೇಕೆ?
ಹೆಪ್ಸಿ ಟರ್ಪಿನ್ ಬರೆದದ್ದು: ಗೊತ್ತಿಲ್ಲ.
ಗಾರ್ಲ್ಯಾಂಡ್ ಖಾಲಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಅಂಟುಪಟ್ಟಿ ಬೇರೆ ಹಚ್ಚಿದ್ದಾನೆ.

ಬಿ ಕಾಲಮ್ಮು, ಎರಡನೇ ಸಾಲಿನಿಂದ ಮೂವತ್ತಮೂರರವರೆಗೆ.
ಕೌಂಟ್‌ಇಫ್, ಆವರಣ, ಉದ್ಧರಣ ಚಿಹ್ನೆಯೊಳಗೆ ಹೌದು.
ಇಪ್ಪತ್ತೆರಡು.
ಇಲ್ಲ: ಆರು.

ಬೆರಳಲ್ಲಿ ಎಣಿಸಿದಾಗ ಇಪ್ಪತ್ತಮೂರಿತ್ತಲ್ಲ?
ಒಂದೊಂದೇ ಮನೆ ಒತ್ತುತ್ತಾ ಇಳಿಯುತ್ತಾಳೆ.
ಹತ್ತೊಂಬತ್ತನೇ ಸಾಲಲ್ಲಿ ಸಿಕ್ಕಿತು:
ಹೌದು ಆದಮೇಲೆ ಒಂದು ಖಾಲಿ ಜಾಗ,
ಕಣ್ಣಿಗೆ ಕಾಣದ್ದು, ಹೆಬ್ಬೆರಳು ತಡೆದು ನಿಂತದ್ದು.
ಅದು ಅವಳದೇ ಚೀಟಿ.
ಟ್ರಿಮ್ ಎಂಬ ಕತ್ತರಿಯಿದೆ, ಗೊತ್ತು. ಇನ್ನೂ ಹಾಕಿಲ್ಲ.

ಉಳಿದದ್ದು ಲಿಯಾಂಡರ್ ಪಿಂಕ್‌ಸೆನ್‌ನ ಚೀಟಿ:
ಹೌದು, ಆದರೆ ಕ್ಯಾಪ್ಲಿನ್ ಮೀನು ದಡಕ್ಕೆ ಉರುಳಿ ಬರುವ ತನಕ ಇಲ್ಲ.

ನನ್ನ ನುಡಿಯಲ್ಲಿ ಇದೊಂದು ಮೋಜು:
ಕೌಂಟ್‌ಇಫ್ ಅನ್ನುವುದನ್ನು ಕನ್ನಡಕ್ಕೆ ತರಹೊರಟರೆ
'ಎಣಿಸು, ಆದರೆ' ಅನ್ನಬೇಕಾಗುತ್ತದೆ.
ಮಳೆಯಾದರೆ, ಮದುವೆಯಾದರೆ ಎನ್ನುವಾಗಿನ ಆದರೆಯೂ ಅದೇ,
ಮಾತು ಮುಗಿದಮೇಲೆ ಹೊಸ್ತಿಲಲ್ಲಿ ನಿಂತು ರಾಗವೆಳೆಯುವ
ಆದರೆಯೂ ಅದೇ.
ಯಂತ್ರಕ್ಕೆ ಮೊದಲನೆಯದು ತಿಳಿಯುತ್ತದೆ.
ಲಿಯಾಂಡರ್ ಬರೆದದ್ದು ಎರಡನೆಯದು.

ಅದಕ್ಕೂ ಉಪಾಯ ಉಂಟು, ನಕ್ಷತ್ರ ಚಿಹ್ನೆ.
ಹೌದಿನ ಹಿಂದೊಂದು ಮುಂದೊಂದು ಚುಕ್ಕಿ ಇಟ್ಟರೆ
ಸುತ್ತ ಏನೇ ಇರಲಿ, ಒಳಗೆಲ್ಲೋ ಹೌದಿದ್ದರೆ ಸಾಕು.
ಇಟ್ಟಳು. ಇಪ್ಪತ್ತನಾಲ್ಕು.
ಊರು ಮುಗಿಯಿತು, ಎರಡು ಚುಕ್ಕಿಯಲ್ಲಿ.

ಹೀಟರು ಆರಿತು.
ನ್ಯಾಯವೆಂದರೆ ಎರಡೂ ಕಡೆ ಒಂದೇ ತಕ್ಕಡಿ, ಅಂದುಕೊಂಡು
ಇಲ್ಲಕ್ಕೂ ಚುಕ್ಕಿ ಇಟ್ಟಳು.
ಎಂಟು!
ಹೆಪ್ಸಿಯ ಗೊತ್ತಿಲ್ಲದ ಹೊಟ್ಟೆಯಲ್ಲಿ ಒಂದು ಇಲ್ಲ ಮಲಗಿತ್ತು;
ಲಿಯಾಂಡರನ ಹೌದಿನ ಬಾಲದಲ್ಲಿ ಇನ್ನೊಂದು.
ಇಪ್ಪತ್ತನಾಲ್ಕು, ಎಂಟು, ಗಾರ್ಲ್ಯಾಂಡನ ಖಾಲಿ ಒಂದು:
ಮೂವತ್ತೆರಡು ಜನರ ಊರಲ್ಲಿ
ಮೂವತ್ತಮೂರು ಉತ್ತರ.

ಚಹಾ ಬಗ್ಗಿಸಿಕೊಂಡಳು. ಮತ್ತೆ ಕೂಡಿದಳು. ಮೂವತ್ತಮೂರೇ.
ಲಿಯಾಂಡರನಿಗೆ ಫೋನು ಹಚ್ಚಿದಳು:
ಕ್ಯಾಪ್ಲಿನ್ ಯಾವಾಗ ಬರುತ್ತೋ ಮಾರಾಯ?
ಜೂನು. ಜುಲೈ. ಅದನ್ನೆಲ್ಲ ಮೀನಿಗೆ ಹೇಳಿಕೊಡೋಕೆ ಆಗ್ತದಾ,
ಅಂದವನೇ ಕೆಮ್ಮಿ, ಕೊಡಲಿ ಎಲ್ಲಿಟ್ಟೆನೆಂದು ಹುಡುಕತೊಡಗಿದ,
ಫೋನು ಇಡದೆಯೇ.

ಆಮೇಲೆ ಸೇಂಟ್ ಜಾನ್ಸಿನ ಕಚೇರಿಗೆ.
ನಮ್ಮಲ್ಲಿ ಒಬ್ಬರು ಹೆಚ್ಚಿದ್ದಾರೆ, ಅಂದಳು.
ಆ ಕಡೆಯ ಹುಡುಗ ಕೀಲಿಮಣೆ ಎಳೆದುಕೊಂಡ ಸದ್ದು.
ಹೆಚ್ಚೇ? ಮಗು ಹುಟ್ಟಿತೇ ಮೇಡಮ್?
ಹೌದು ಅಥವಾ ಇಲ್ಲ ಹೇಳಿದರೆ ಸಾಕು.

ಹೌದು, ಅಂದಳು ಡೋರ್ಕಸ್.
ಅದರ ಮುಂದೆ ಒಂದು ಖಾಲಿ ಜಾಗ ಬಿಟ್ಟಳು.