ಶ್ರುತಿ ಹಿಡಿಯುವವ

ಗ್ಯುಮ್ರಿಯ ಬಸ್ಸಿನಲ್ಲಿ ಡ್ರೈವರನ ರೇಡಿಯೋ
ಒಮ್ಮೆ ನುಡಿಸಿ ಸುಮ್ಮನಾದದ್ದನ್ನು
ಹ್ಮಾಯಕ್ ಇಳಿಯುವ ಮೊದಲೇ ಸಿಳ್ಳೆಯಲ್ಲಿ ತಿರುಗಿಸಿ ಕೊಟ್ಟ.
ಅವನಿಗೆ ಎಂಟು. ನನಗೆ ಹತ್ತು.
ನಾನು ಚಿಲ್ಲರೆ ಎಣಿಸುತ್ತಿದ್ದೆ.

ಗುರು ಜಾವೆನ್ ಅವನ ಕೈಗೆ ಜರ್ದಾಳು ಮರದ ದುದುಕ್ ಕೊಟ್ಟರು;
ನನ್ನ ಕೈಗೆ ಒಂದು ಲೋಟ ನೀರು, ಗೋಧಿಹುಲ್ಲಿನ ಕೊಳವೆ.
"ಊದು. ಗುಳ್ಳೆ ನಿಲ್ಲಬಾರದು.
ಮೂಗಿನಲ್ಲಿ ಎಳೆದುಕೋ, ಕೆನ್ನೆಯಲ್ಲಿ ಕೂಡಿಟ್ಟುಕೋ,
ಬಡವರ ಮನೆಯ ಹಿಟ್ಟಿನ ಹಾಗೆ."

ಮೂರು ಚಳಿಗಾಲ ಗುಳ್ಳೆ ಎಬ್ಬಿಸಿದೆ.
ಒಲೆಯ ಪಕ್ಕ ಅಜ್ಜಿ ನಗುತ್ತಿದ್ದಳು: ಸಾರು ಕುದಿಯಿತೇನೋ?
ನಾಲ್ಕನೆಯದರಲ್ಲಿ ಒಂದು ಸ್ವರ ಸಿಕ್ಕಿತು.
ಒಂದೇ. ಅದನ್ನು ಹಿಡಿದು ಕೂತೆ.
ಅದರ ಮೇಲೆ ಹ್ಮಾಯಕ್
ಅಂಗಳಕ್ಕೆ ಬಿಟ್ಟ ಮಗುವಾಗಿ ಓಡಾಡಿದ.
ಅಂಗಳಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಜಾವೆನ್ ಮಣ್ಣಾದ ದಿನ ಮೊಣಕಾಲುದ್ದ ಹಿಮ.
ಪೆಟ್ಟಿಗೆಯ ಬಳಿ ನಿಂತು ಇಬ್ಬರೂ ನುಡಿಸಿದೆವು.
ಅರ್ಧಕ್ಕೆ ಅವನ ತುಟಿ ನಡುಗಿತು, ರಾಗ ಬಿದ್ದುಹೋಯಿತು.
ನನಗೂ ಅಳು ಬಂದಿತ್ತು; ಕೆನ್ನೆಯಲ್ಲಿ ಜಾಗವಿರಲಿಲ್ಲ.
ಊದುತ್ತಲೇ ಇದ್ದೆ,
ಅವನು ಮೂಗೊರೆಸಿಕೊಂಡು ವಾಪಸು ಬರುವವರೆಗೆ.

ಮನೆಗೆ ಮರಳುತ್ತಾ ಎಲ್ಲರೂ
ಅವನ ಆ ಮೌನವನ್ನೇ ಹೊಗಳಿದರು.

ಈಗಲೂ ಕೆಲವು ರಾತ್ರಿ ಕದ ಹಾಕಿಕೊಂಡು
ಆ ಬಸ್ಸಿನ ರಾಗ ನಾನೇ ನುಡಿಸಿ ನೋಡುತ್ತೇನೆ.
ಬೆರಳು ಪ್ರತಿ ತೂತಿಗೂ ಸರಿಯಾದ ಹೊತ್ತಿಗೆ ಬರುತ್ತದೆ:
ಒಬ್ಬರೂ ಹತ್ತದ, ಒಬ್ಬರೂ ಇಳಿಯದ
ಕೊನೆಯ ಬಸ್ಸಿನ ಹಾಗೆ.