ಹಿಂದಿರುಗಿಸುವ ಮುನ್ನ

ಊರ್ವೆ, ಈ ಸಲ ಐದು ಪುಸ್ತಕ, ಒಂದು ದಿನ ತಡ.
ದಂಡ ಹಾಕುವುದಾದರೆ ಹಾಕು.
ಮೂರು ದಿನ ಗಾಳಿ, ದ್ವೀಪಕ್ಕೆ ದೋಣಿಯಿಲ್ಲ,
ಕ್ಯಾರ್ಡ್ಲದ ಬೀದಿಯಲ್ಲಿ ನಾಯಿಯೂ ಇರಲಿಲ್ಲ.
ಹೇಗಿತ್ತು ಎಂದು ಕೇಳುತ್ತೀ; ಕೇಳಿದವಳೇ
ನಾನು ಬಾಯಿ ತೆರೆಯುವ ಮೊದಲು ಮೊಹರು ಕುಟ್ಟುತ್ತೀ.
ಅದಕ್ಕೇ ಹಿಟ್ಟಿನ ಚೀಲ ಹರಿದು
ಬರೆದು ತಂದಿದ್ದೇನೆ.

ನೀಲಿ ರಟ್ಟಿನ ದಪ್ಪ ಕಾದಂಬರಿ, ಏಳುನೂರ ಹನ್ನೆರಡು ಪುಟ.
ಮೂರು ತಲೆಮಾರು ಹುಟ್ಟಿದರು, ಮದುವೆಯಾದರು, ಸತ್ತರು,
ಒಬ್ಬರೂ ಒಂದು ತುತ್ತು ತಿನ್ನಲಿಲ್ಲ.
ನಾನು ಲೆಕ್ಕ ಇಟ್ಟಿದ್ದೇನೆ: ಎರಡು ಲೋಟ ಕಾಫಿ,
ಅದರಲ್ಲಿ ಒಂದನ್ನು ಗೋಡೆಗೆ ಎಸೆದರು.
ವಾಕ್ಯಗಳೇನೋ ಆಹಾ!
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಆದರೂ ನಾನೂರನೆಯ ಪುಟದ ಹಿಮದಲ್ಲಿ
ಆ ಹುಡುಗ ತಮ್ಮನ ಒಂಟಿ ಬೂಟು ಹುಡುಕುವಾಗ
ಒಲೆಯ ಮೇಲೆ ಹಾಲು ಉಕ್ಕಿ ಸೀದದ್ದು
ನನಗೆ ವಾಸನೆ ಬಂದಮೇಲೇ ತಿಳಿದದ್ದು.
ಅದೊಂದಕ್ಕೆ ಕ್ಷಮಿಸಿದ್ದೇನೆ.

ಪತ್ತೇದಾರಿಯಲ್ಲಿ ಬೇಕರಿಯವನಿಗೆ ಗಲ್ಲು.
ಸಾಕ್ಷಿ ಏನು? ರೈ ಹಿಟ್ಟು ಕಾಲು ಗಂಟೆಯಲ್ಲಿ ಉಬ್ಬಿತಂತೆ.
ಕಾಲು ಗಂಟೆ!
ಮೂವತ್ತೊಂದು ವರ್ಷ ಹುಳಿ ಕಲಸಿದ ಕೈ ಇದು.
ಆ ಮನುಷ್ಯ ನಿರಪರಾಧಿ ಊರ್ವೆ,
ಯಾರಿಗಾದರೂ ತಿಳಿಸು.

ಸೇತುವೆ ಕಟ್ಟಿದ ಮಹಾಶಯನ ಜೀವನಚರಿತ್ರೆ:
ನಟ್ಟು ಬೋಲ್ಟುಗಳಿಗೆ ಹದಿನಾರು ಪುಟ,
"ಈ ನಡುವೆ ವಿವಾಹವೂ ಆಯಿತು" ಎಂದು ಅರ್ಧ ಸಾಲು.
ಹೆಂಡತಿಯ ಹೆಸರು ಕೊನೆಯ ಸೂಚಿಯಲ್ಲೂ ಇಲ್ಲ.
ಆ ಸೇತುವೆಯ ಮೇಲೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದೆ.
ಅದಿರುವುದು ಬೇರೆ ಖಂಡದಲ್ಲಿ, ಇರಲಿ, ಶಪಥ ಶಪಥವೇ.

ಕಲ್ಲುಹೂವಿನ ಪುಸ್ತಕ ಮಾತ್ರ ಕೊಡಲು ಮನಸ್ಸಿಲ್ಲ.
ಬರೆದವರು ಪ್ರೊಫೆಸರ್, ಆದರೂ
"ಗೊತ್ತಿಲ್ಲ" ಎಂದು ಹದಿನೇಳು ಸಲ ಹೇಳುತ್ತಾರೆ,
ಪ್ರತಿ ಸಲವೂ ಟೋಪಿ ತೆಗೆದು ಹೇಳಿದಂತೆ.
ಓದಿ ಮುಗಿಸಿ ಲಾಟೀನು ಹಿಡಿದು ಹೊರಗೆ ಹೋದೆ.
ನಮ್ಮ ಬಾವಿಯ ಕಟ್ಟೆ ಗೊತ್ತಲ್ಲ,
ಕೊಳೆ ಕೊಳೆ ಎಂದು ವರ್ಷವರ್ಷವೂ
ಬ್ರಷ್ಷು ಹಿಡಿದು ಉಜ್ಜುತ್ತಿದ್ದೆ.
ಉಗುರಿನಷ್ಟಗಲ ಬೆಳೆಯಲು ಅದಕ್ಕೆ
ನನ್ನ ಅರ್ಧ ಆಯುಷ್ಯ ಬೇಕಂತೆ.

ಇನ್ನು ಆ ತೆಳ್ಳನೆಯ ಹಳೆಯ ಕಾದಂಬರಿ.
ಒಬ್ಬಳು ಮಾರ್ಚ್ ತಿಂಗಳ ತೆಳು ಮಂಜುಗಡ್ಡೆಯ ಮೇಲೆ
ಸಮುದ್ರ ದಾಟಿ ಗಂಡನ ಮನೆ ಬಿಡುತ್ತಾಳೆ.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಒತ್ತಿ ಒತ್ತಿ
"ಸುಳ್ಳು". ಮುಂದಿನ ಪುಟದಲ್ಲೂ "ಸುಳ್ಳು".
"ಹೆಂಗಸರು ಹೀಗೆ ಹೋಗುವುದಿಲ್ಲ."
ಮೈ ಉರಿಯಿತು. ಗಟ್ಟಿಯಾಗಿ ಬೈದೆ,
ನಿನಗೇನು ಗೊತ್ತೇ ಮೂಳಿ, ಮಂಜು ಬಿರಿಯುವ ಸದ್ದು
ಕಾಲಿನಿಂದ ಹಲ್ಲಿಗೆ ಹತ್ತುವುದು ಗೊತ್ತೇ ಎಂದು.
ಎಂಬತ್ತೆಂಟನೆಯ ಪುಟಕ್ಕೆ ಬಂದಾಗ
ಒಂದು ಅಕ್ಷರದ ಕಾಲು ಒದೆಯುವ ಹಾಗೆ ಚಾಚಿತ್ತು.
ಆ ಕಾಲಿಗಾಗಿ ಶಾಲೆಯಲ್ಲಿ ಪೆಟ್ಟು ತಿಂದವಳು
ಊರಿನಲ್ಲಿ ಒಬ್ಬಳೇ.
ಹಿಂದಿನ ಚೀಟಿ ನೋಡಿದೆ: ಎಂಬತ್ತಮೂರು, ಫೆಬ್ರವರಿ,
ಸದಸ್ಯೆ ಇನ್ನೂರ ಹದಿನಾಲ್ಕು.

ಆಗ ತೀಯೂಗೆ ಆರು ತಿಂಗಳು,
ಬಾಗಿಲ ಬಳಿ ಬೂಟು ಎರಡು ಜೊತೆ.
ಮೂರು ವರ್ಷದ ಮೇಲೆ ಏನಾಯಿತೆಂದು
ನಿನಗೆ ಗೊತ್ತು, ಊರಿಗೆಲ್ಲ ಗೊತ್ತು.

ರಬ್ಬರು ಹುಡುಕಿದೆ, ಸಿಗಲಿಲ್ಲ.
ಸುಳ್ಳು. ಸಿಕ್ಕಿತು.
ಒಂದನ್ನು ಉಜ್ಜಿದೆ, ಕಾಗದ ಜುಂಗೆದ್ದಿತು,
ಬಾವಿಕಟ್ಟೆ ನೆನಪಾಗಿ ಕೈ ನಿಂತಿತು.
ಉಳಿದವು ಹಾಗೇ ಇವೆ. ಬೈಯಬೇಡ.
ಕಾದಂಬರಿ ಚೆನ್ನಾಗಿದೆ, ಕೊನೆ ಸ್ವಲ್ಪ ಅವಸರವಾಯಿತು.

ಆ ಪ್ರೊಫೆಸರರದು ಬೇರೇನಾದರೂ ಇದ್ದರೆ ಎತ್ತಿಡು.
ಟವಲಿನಲ್ಲಿ ಸುತ್ತಿದ್ದು ಬ್ರೆಡ್ಡು, ಇನ್ನೂ ಬಿಸಿಯಿದೆ.
ಸ್ವಲ್ಪ ಹೊತ್ತು ಆ ನೀಲಿ ಪುಸ್ತಕದ ಮೇಲಿಡು,
ಪಾಪ, ಅವರಿಗೂ ವಾಸನೆ ತಾಗಲಿ.