ಮೂರನೇ ಕೌಂಟರ್

ಬಾಗಿಲಿಗೆ ಬರುವವರೆಗೂ ಗೊತ್ತಾಗಲಿಲ್ಲ ನನಗೆ.
ಗೋಡೆಗೆ ಈಗ ಹಣ್ಣುಮಾವಿನ ಬಣ್ಣ,
ಹೊಸ್ತಿಲ ಪಕ್ಕ ಹಿತ್ತಾಳೆಯ ದೀಪ,
ಕೈಬರಹದಂತೆ ಕಾಣಲೆಂದೇ ಅಚ್ಚು ಹಾಕಿಸಿದ ಊಟದ ಪಟ್ಟಿ.
ಮೆಟ್ಟಿಲು ಮಾತ್ರ ಅದೇ, ನಡುವೆ ಸವೆದು ಬೋಗುಣಿಯಾದದ್ದು.
ನನ್ನ ಹಿಮ್ಮಡಿಗೆ ಮೊದಲು ನೆನಪಾಯಿತು,
ಆಮೇಲೆ ನನಗೆ.

ಗೊತ್ತೇ ಇರಲಿಲ್ಲವೆಂದು ಆಣೆ ಇಟ್ಟೆ ನೀನು, ಅನ್ಸೆಲ್ಮೊ.
ಮೂವತ್ತು ವರ್ಷ ಪುಯೆಬ್ಲಾದ ಬೀದಿಬೀದಿಯಲ್ಲಿ
ಬಸ್ಸು ಓಡಿಸಿದವನು,
ಈ ಮೂಲೆಯಲ್ಲೇ ದಿನಕ್ಕೆ ಎಂಟು ಸಲ ಸ್ಟಿಯರಿಂಗ್ ತಿರುಗಿಸಿದವನು!
ನಂಬಿದೆ ಅಂದೆ ನಾನು.
ನೀನು ಕುರ್ಚಿ ಎಳೆದುಕೊಟ್ಟೆ. ಕೂತೆ.

ತೆರೆದ ಅಂಗಳ. ನಾಲ್ಕೂ ಕಡೆ ಕಮಾನು,
ಮಹಡಿಯ ಕಟಕಟೆಯಿಂದ ಕಾಗದದ ಹೂವಿನ ಬಳ್ಳಿ
ಅರ್ಧ ಗೋಡೆಯವರೆಗೆ ಜೋತುಬಿದ್ದಿದೆ.
ಮಾಣಿಯ ಹೆಸರು ಉಲೀಸೆಸ್, ಗಲ್ಲದ ಮೇಲೆ ಎರಡು ಮೊಡವೆ.
ಕಂಠಪಾಠ ಒಪ್ಪಿಸಿದ:
“ಉಣ್ಣೆ ವ್ಯಾಪಾರಿಯ ಮನೆ ಇದು, ಮುನ್ನೂರು ವರ್ಷದ್ದು.
ಬಿಳಿಕುದುರೆಗಳಿದ್ದವಂತೆ. ಒಂದು ದೆವ್ವವೂ.”
ನಡುವಿನ ನಲವತ್ತು ವರ್ಷ ಅವನ ಪಾಠದಲ್ಲಿರಲಿಲ್ಲ.
ಸರ್ಕಾರಿ ನೋಂದಣಿ ಕಚೇರಿಯಿತ್ತು ಇಲ್ಲಿ.
ಹುಟ್ಟಿದವರಿಗೆ ಒಂದನೇ ಕೌಂಟರ್,
ಸತ್ತವರಿಗೆ ಎರಡು,
ನಮ್ಮಂಥವರಿಗೆ ಮೂರು.

ಈ ಮೇಜು ಇರುವುದು ಮೂರರಲ್ಲಿ.
ಕಂಬದ ಹೆಂಚು ನೋಡು, ನೀಲಿ ಹಕ್ಕಿಗೆ ಕೊಕ್ಕು ಒಡೆದಿದೆ.
ಗುಮಾಸ್ತೆ ಕಾರ್ಬನ್ ಹಾಳೆ ಹುಡುಕಿಕೊಂಡು ಹೋಗಿ
ಇಪ್ಪತ್ತು ನಿಮಿಷ ಬರಲಿಲ್ಲ ಆವತ್ತು.
ನಿನ್ನ ಮುಖ ಬಿಟ್ಟು ನೋಡಲು
ನನಗೆ ಸಿಕ್ಕಿದ್ದು ಈ ಹಕ್ಕಿ ಒಂದೇ.
ಸಹಿ ಹಾಕುವಾಗ ನಿನ್ನ ಪೆನ್ನು ಬರೆಯಲಿಲ್ಲ.
ನನ್ನದು ಕೊಟ್ಟೆ.
ವಾಪಸು ಬರಲಿಲ್ಲ ಅದು.

ಉಲೀಸೆಸ್ ಮೇಣದಬತ್ತಿ ತಂದು ಹಚ್ಚಿದ.
“ಎಷ್ಟನೇ ವರ್ಷದ್ದು, ಸೆನ್ಯೋರಾ?”
ನಾನು ನೀರು ಕುಡಿದೆ.
ನೀನು ಬೆರಳು ಮಡಿಸಿ ಎಣಿಸಿ, “ಇಪ್ಪತ್ತಾರು” ಅಂದೆ.
ಸುಳ್ಳಲ್ಲ.
ಹುಡುಗ ಚಪ್ಪಾಳೆ ತಟ್ಟಿದ. ಪಕ್ಕದ ಮೇಜಿನ ಜೋಡಿಯೂ ತಟ್ಟಿತು.

ಆಗಸ್ಟ್ ಕೊನೆ. ದಾಳಿಂಬೆಯ ಕಾಲ.
ದಪ್ಪ ಮೆಣಸಿನಕಾಯಿಯ ಹೊಟ್ಟೆಯಲ್ಲಿ ಮಾಂಸ, ಪೇರಳೆ, ಒಣದ್ರಾಕ್ಷಿ,
ಮೈಮೇಲೆ ಅಕ್ರೋಟಿನ ಬಿಳಿ ಗೊಜ್ಜು, ಕೆಂಪು ಕಾಳು.
ನಮ್ಮಮ್ಮ ಅಕ್ರೋಟಿನ ಒಳಸಿಪ್ಪೆಯನ್ನು
ಉಗುರಲ್ಲಿ ಒಂದೊಂದೇ ಸುಲಿಯುತ್ತಿದ್ದಳು, ರಾತ್ರಿಯಿಡೀ.
ಇವರು ಸುಲಿದಿಲ್ಲ. ನಾಲಿಗೆಗೆ ಒಗರು.
ನಿನಗೂ ತಿಳಿಯಿತು, ಹುಬ್ಬು ಏರಿತು,
ಆದರೆ ಮಾತು ಬರಲಿಲ್ಲ.
ಬೀನ್ಸು ತಳ ಹಿಡಿದರೆ ಬೀದಿಗೆಲ್ಲ ಡಂಗುರ ಹೊಡೆಯುತ್ತಿದ್ದವನು
ಸುಮ್ಮನೆ ತಿಂದೆ.

ಆಗಲೇ ದೋನ್ ಗೋಯೊ ಕೆಮ್ಮಿದ್ದು.
ನಮ್ಮ ಜ್ವಾಲಾಮುಖಿಯನ್ನು ನಾವು ಕರೆಯುವುದೇ ಹಾಗೆ,
ಮೂಲೆಮನೆಯ ಮುದುಕನನ್ನು ಕರೆದ ಹಾಗೆ.
ಸದ್ದಿಲ್ಲ ಗದ್ದಲವಿಲ್ಲ. ದೀಪದ ಬೆಳಕಿನಲ್ಲಿ
ಜರಡಿಯಿಂದ ಹಿಟ್ಟು ಇಳಿದಂತೆ ಬೂದಿ,
ಮೇಜುಬಟ್ಟೆಯ ಮೇಲೆ, ಬಳ್ಳಿಯ ಮೇಲೆ, ವೈನಿನ ಲೋಟದೊಳಗೆ.
ಚಪ್ಪಾಳೆ ತಟ್ಟಿದ ಜೋಡಿ ಕಮಾನಿನಡಿಗೆ ಓಡಿತು,
ಅವಳು ಮುಂದೆ, ಅವನ ಕೈಯಲ್ಲಿ ಅವನ ತಟ್ಟೆ.

ನೀನು ಟೋಪಿ ತೆಗೆದೆ.
ಬಂದಾಗಿನಿಂದ ತೆಗೆಯದೆ ಕೂತಿದ್ದವನು
ತೆಗೆದು ನನ್ನ ತಟ್ಟೆಗೆ ಮುಚ್ಚಿದೆ.
ನಿನ್ನದು ಬಯಲಲ್ಲೇ ಇತ್ತು.
ನಿನ್ನ ತಲೆ ಇಷ್ಟು ಬೋಳಾಗಿದ್ದು ಯಾವಾಗ?
ಬೂದಿ ಅಲ್ಲಿ ನೇರವಾಗಿ ಬೀಳುತ್ತಿತ್ತು.
ಕರವಸ್ತ್ರ ಕೈಯಲ್ಲಿತ್ತು. ಚಾಚಲಿಲ್ಲ ನಾನು.
ಚಾಚಬಹುದಿತ್ತು.

ಬಿಲ್ಲಿಗೆ ಸಹಿ ಹಾಕಲು ನೀನು ಜೇಬಿನಿಂದ ಪೆನ್ನು ತೆಗೆದಾಗ
ಬಗ್ಗಿ ನೋಡಿದೆ, ನಾಚಿಕೆಯಿಲ್ಲದೆ.
ನನ್ನದಲ್ಲ. ಯಾವುದೋ ಔಷಧಿ ಕಂಪನಿ ಬಿಟ್ಟಿ ಹಂಚಿದ್ದು.

ಕಾಫಿ ಒಳಗೆ ಕುಡಿಯೋಣ ಅಂದೆ.
ಎಲ್ಲ ಮೇಜೂ ತುಂಬಿತ್ತು,
ಖಾಲಿ ಉಳಿದದ್ದು ಎರಡನೇ ಕೌಂಟರಿನ ಜಾಗವೊಂದೇ.
“ಅಲ್ಲಿಗೆ ಇನ್ನೂ ಹೊತ್ತಿದೆ, ಒದಿಲಿಯಾ,” ಅಂದೆ ನೀನು.
ಕಂಬಕ್ಕೆ ಒರಗಿ ನಿಂತೇ ಕುಡಿದೆವು.
ಅಂಗಳದಲ್ಲಿ, ಮೂರರಲ್ಲಿ,
ನಿನ್ನ ಟೋಪಿ ನನ್ನ ತಟ್ಟೆಯ ಮೇಲೆ
ನಿಧಾನವಾಗಿ ಬೆಳ್ಳಗಾಗುತ್ತಿತ್ತು.